ತುಕ್ಕಿನಡಿಯ ಉಕ್ಕು: ಹಳೆಯ ಕ್ಷೌರಕತ್ತಿಗೆ ಮತ್ತೆ ಬಾಯಿ ತರುವ ಬಗೆ

ಪೊಟ್ಟಣ ಬಿಚ್ಚಿದಾಗ ಮೇಜಿನ ಮೇಲೆ ಮೊದಲು ಉದುರಿದ್ದು ಕಂದು ಪುಡಿ. ಆನ್‌ಲೈನ್ ಹರಾಜಿನ ಚಿತ್ರದಲ್ಲಿ ಅಲ್ಲಲ್ಲಿ ಕಲೆ ಬಿದ್ದಿದ್ದ ಅಲಗು ಅಷ್ಟೇ ಕಂಡಿತ್ತು. ಕೈಗೆ ಬಂದ ಕತ್ತಿಯ ಬಾಯಿ ತುದಿಯ ಹತ್ತಿರ ಒಂದೂವರೆ ಮಿಲಿಮೀಟರಿನಷ್ಟು ಮುಕ್ಕಾಗಿತ್ತು, ಒಂದು ಮಗ್ಗುಲಿಗೆ ತುಕ್ಕು ಹಬ್ಬಿತ್ತು, ಕೊಂಬಿನ ಹಿಡಿ ಒಣಗಿ ಬಿಳಿಚಿಕೊಂಡಿತ್ತು. ಆದರೂ ಹಿಡಿಗೆ ಸೇರುವ ಬಾಲದ ಕಡೆ ಬಟ್ಟೆಯಿಂದ ಒರೆಸಿದರೆ ಶೆಫೀಲ್ಡಿನ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ವಾರದಲ್ಲಿ ಮೂರು ದಿನ ನನ್ನ ಗಡ್ಡ ಹೆರೆಯುವುದು ಇದೇ ಕತ್ತಿ.

ಇದಕ್ಕೂ ಮೊದಲು ಕೊಂಡ ಒಂದು ಕತ್ತಿ ಉಳಿಯಲಿಲ್ಲ. ಅದು ಜರ್ಮನಿಯ ಜೋಲಿಂಗೆನ್‌ನದು, ನೋಡಲು ಕನ್ನಡಿಯಂತಿತ್ತು, ಮಾರಿದವರು ‘ಗಡ್ಡಕ್ಕೆ ಸಿದ್ಧ’ ಎಂದು ಬರೆದಿದ್ದರು. ನಮ್ಮೂರಿನಲ್ಲಿ ಐವತ್ತು ವರ್ಷ ಕ್ಷೌರ ಮಾಡಿದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬಾಯಿಯನ್ನು ನೋಡಲೇ ಇಲ್ಲ. ಹಿಡಿ ಬಿಡಿಸಿ, ಅಲಗನ್ನು ಕಿವಿಯ ಹತ್ತಿರ ತಂದು, ಬಾಯಿಗೆ ಉಗುರು ತಾಗಿಸಿ ಮೀಟಿದರು. ಒಳ್ಳೆಯ ತೆಳು ಅಲಗು ಸಣ್ಣ ಗೆಜ್ಜೆಯ ಹಾಗೆ ಎಳೆದು ನುಡಿಯಬೇಕು. ಇದು ಟಕ್ ಎಂದು ನಿಂತಿತು. “ದನಿ ಒಡೆದದೆ ಕಣಪ್ಪ. ಮಸೆದ್ರೆ ಸೀಳಿ ಹೋಗ್ತದೆ” ಅಂದರು. ಭೂತಗನ್ನಡಿಯಲ್ಲಿ ನೋಡಿದಾಗ ಬಾಯಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು ಇತ್ತು. ಅದಕ್ಕೆ ಮದ್ದಿಲ್ಲ. ಮುಖದ ಮೇಲಿರುವಾಗ ಚೂರು ಕಳಚುವ ಅಲಗನ್ನು ಯಾರೂ ಇಟ್ಟುಕೊಳ್ಳಬಾರದು.

ಆ ದಿನ ಕಲಿತದ್ದನ್ನೇ ಈ ಲೇಖನದ ಉದ್ದಕ್ಕೂ ಹೇಳುತ್ತಿದ್ದೇನೆ. ಯಾವ ಗಾಯ ಮಾಯುತ್ತದೆ, ಯಾವುದು ಮಾಯದು ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಮಾಯುವ ಗಾಯಕ್ಕೂ ಉಕ್ಕನ್ನು ಆದಷ್ಟು ಕಡಿಮೆ ತೆಗೆಯಬೇಕು. ಉಜ್ಜಿ ತೆಗೆದ ಉಕ್ಕು ಮರಳಿ ಬರುವುದಿಲ್ಲ.

ಚಿತ್ರದಲ್ಲಿ ಏನು ನೋಡಬೇಕು

ಮಾರುವವರಿಂದ ನಾಲ್ಕು ಚಿತ್ರ ಕೇಳಿ. ಅಲಗಿನ ಎರಡೂ ಮಗ್ಗುಲು, ಕಪ್ಪು ಬಟ್ಟೆಯ ಮೇಲೆ ಬಾಯಿ ಎದ್ದು ಕಾಣುವಂತೆ ಒಂದು, ಮೇಲಿನಿಂದ ಬೆನ್ನು ಕಾಣುವಂತೆ ಇನ್ನೊಂದು. ಬೆನ್ನಿನ ಚಿತ್ರವನ್ನು ಬಹಳ ಜನ ಕೇಳುವುದೇ ಇಲ್ಲ. ಕ್ಷೌರಕತ್ತಿಯನ್ನು ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಬಾಯಿಯ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ. ಬೆನ್ನಿನ ಮೇಲೆ ಸವೆದ ಪಟ್ಟಿ ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗಿದ್ದರೆ, ಯಾರೋ ವರ್ಷಗಟ್ಟಲೆ ಒಂದೇ ಕಡೆ ಒತ್ತಿ ಮಸೆದಿದ್ದಾರೆ ಎಂದರ್ಥ. ಅಂಥದ್ದನ್ನು ನೇರ ಮಾಡಬಹುದು, ಆದರೆ ಮೊದಲ ಕತ್ತಿಗೆ ಅದು ಬೇಡ.

ಬಾಯಿ ಸ್ವಲ್ಪ ಹೊರಬಾಗಿ ನಗುವಂತಿದ್ದರೆ ಚಿಂತೆಯಿಲ್ಲ, ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಅದು ಸಾಮಾನ್ಯ. ನಡುವೆ ಒಳಗೆ ಬಾಗಿ ಮುಖ ಸಿಂಡರಿಸಿದಂತಿದ್ದರೆ ನೇರ ಮಾಡಲು ಉಕ್ಕು ಬಹಳ ಹೋಗುತ್ತದೆ. ಮಗ್ಗುಲಿನ ತುಕ್ಕಿಗೆ ಹೆದರಬೇಡಿ, ಬಾಯಿಯ ಅಂಚಿನ ಕರಿ ಚುಕ್ಕೆಗಳಿಗೆ ಹೆದರಿ. ಆ ಚುಕ್ಕೆಗಳು ಒಳಗೊಳಗೆ ಗುಳಿ ತೋಡಿರುತ್ತವೆ. ಮಸೆದಷ್ಟೂ ಬಾಯಿ ಜರಡಿಯಂತೆ ತೂತು ತೂತಾಗಿ ಹೊರಬರುತ್ತದೆ.

ಹಿಡಿಯನ್ನೂ ನೋಡಿ. ಸೆಲ್ಯುಲಾಯ್ಡ್ ಹಿಡಿ ಮಬ್ಬಾಗಿ, ಬಿರುಕುಬಿಟ್ಟು, ಅದರ ಎದುರಿಗಿರುವ ಭಾಗದಲ್ಲೇ ಅಲಗು ತುಕ್ಕು ಹಿಡಿದಿದ್ದರೆ ಆ ಹಿಡಿ ಕೊಳೆಯುತ್ತಿದೆ. ಕೊಳೆಯುವ ಸೆಲ್ಯುಲಾಯ್ಡ್ ಆಮ್ಲದ ಹೊಗೆ ಬಿಡುತ್ತದೆ. ಪಕ್ಕದಲ್ಲಿಟ್ಟ ಒಳ್ಳೆಯ ಕತ್ತಿಯನ್ನೂ ಅದು ಕೆಡಿಸುತ್ತದೆ. ಜೊತೆಗೆ ಸೆಲ್ಯುಲಾಯ್ಡ್ ಬೆಂಕಿ ಕಂಡರೆ ಧಗ್ಗನೆ ಹತ್ತಿಕೊಳ್ಳುವ ವಸ್ತು. ಬಿಸಿ ತಾಗಿಸುವುದು, ಒಣಗಿಸಿ ಉಜ್ಜುವುದು ಎರಡೂ ಬೇಡ. ದಂತದ ಹಿಡಿಯ ಕತ್ತಿ ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ನಮ್ಮಲ್ಲಿ ಆನೆದಂತದ ವ್ಯಾಪಾರಕ್ಕೆ ನಿಷೇಧವಿದೆ. ಅದು ಹಳೆಯದು ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಮುದ್ರೆ ಹೇಳುವ ವಯಸ್ಸು

ಬಾಲದ ಕಡೆಯ ಮುದ್ರೆಯನ್ನು ಓದಿದರೆ ಕತ್ತಿಯ ಕಾಲ ಒಂದಷ್ಟು ತಿಳಿಯುತ್ತದೆ. ಅಮೆರಿಕ 1890ರಲ್ಲಿ ತಂದ ಸುಂಕದ ಕಾನೂನು, ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದಿತು. ಹಾಗಾಗಿ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂದು ಕೊರೆದ ಕತ್ತಿ ಸಾಮಾನ್ಯವಾಗಿ 1891ರ ನಂತರದ್ದು. ಬರೀ ಶೆಫೀಲ್ಡ್ ಎಂದಿದ್ದು, ಕಿರೀಟದ ಎರಡು ಬದಿಗೆ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳಿದ್ದರೆ ಅದು 1837ರಿಂದ 1901ರ ನಡುವಿನದು. ನನ್ನ ಕತ್ತಿಯಲ್ಲಿ ಈ ಕಿರೀಟ ಇದೆ, ದೇಶದ ಹೆಸರಿಲ್ಲ. 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಕಿಂಗ್ ಜಿಲೆಟ್ ತನ್ನ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದ. ಆಮೇಲೆ ಇಂಥ ಕತ್ತಿಗಳು ಮೆಲ್ಲಗೆ ಪೆಟ್ಟಿಗೆಯ ತಳ ಸೇರಿದವು. ಇಂದು ಹರಾಜಿಗೆ ಬರುವ ಎಷ್ಟೋ ಕತ್ತಿಗಳು ಆ ಪೆಟ್ಟಿಗೆಗಳಿಂದಲೇ ಎದ್ದು ಬಂದವು.

ಈ ಉಕ್ಕಿನ ಕಥೆಯಲ್ಲಿ ನಮ್ಮ ಪಾಲೂ ಉಂಟು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯ ಉಕ್ಕು ಅದಕ್ಕೂ ಶತಮಾನಗಳ ಮೊದಲಿನಿಂದ ತಯಾರಾಗುತ್ತಿತ್ತು. ಅದನ್ನು ಇಂಗ್ಲಿಷರು ‘ವುಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ವುಟ್ಸ್‌ನಿಂದ ಕ್ಷೌರಕತ್ತಿ ಮಾಡುತ್ತಿದ್ದರು. ಅವರ ಜೊತೆಗೂಡಿ ಮೈಕಲ್ ಫ್ಯಾರಡೆ ಉಕ್ಕಿನ ಪ್ರಯೋಗಗಳನ್ನು ನಡೆಸಿ, ತಾವೇ ತಯಾರಿಸಿದ ಉಕ್ಕಿನ ಕ್ಷೌರಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಟ್ಟರು. ವಿದ್ಯುತ್ತಿನ ಫ್ಯಾರಡೆ ಉಕ್ಕಿನ ಫ್ಯಾರಡೆಯೂ ಆಗಿದ್ದರೆಂದು ತಿಳಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಮೊದಲು ಬಾಯಿ ಮೊಂಡಾಗಲಿ

ಮುಕ್ಕಾದ ಕತ್ತಿ ಬಂದಾಗ ಎಲ್ಲರೂ ಮೊದಲು ತುಕ್ಕಿಗೆ ಕೈ ಹಾಕುತ್ತಾರೆ. ನಾನು ಮುಕ್ಕಿನಿಂದ ಶುರು ಮಾಡುತ್ತೇನೆ. ಅರ್ಧ ಹರಿತವಿರುವ ಅಲಗಿನ ಮೇಲೆ ಕಾಗದ ಹಿಡಿದು ಉಜ್ಜಿದರೆ ಬೆರಳು ಕುಯ್ಯುವುದು ಖಂಡಿತ. 400 ನಂಬರಿನ ಕಲ್ಲಿನ ಮೇಲೆ ನೀರು ಹಾಕಿ, ಬಾಯಿಯನ್ನು ನೆಟ್ಟಗೆ ಇಟ್ಟು, ಬ್ರೆಡ್ ಕುಯ್ಯುವ ಹಾಗೆ ಹಗುರವಾಗಿ ಹಿಂದೆ ಮುಂದೆ ಎಳೆಯಿರಿ. ಬಾಯಿಯ ರೇಖೆ ಮುಕ್ಕಿನ ತಳ ಮುಟ್ಟುವವರೆಗೆ ಸಾಕು. ಆಗ ಮುಕ್ಕೂ ಹೋಗುತ್ತದೆ, ಬಾಯಿಯೂ ಮೊಂಡಾಗುತ್ತದೆ, ಉಳಿದ ಕೆಲಸಕ್ಕೆ ಕೈ ನಿರ್ಭಯ.

ವಿದ್ಯುತ್ ಸಾಣೆಚಕ್ರದಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತದಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣಕ್ಕೆ, 300 ಡಿಗ್ರಿಯ ಹೊತ್ತಿಗೆ ನೀಲಿಗೆ ತಿರುಗುತ್ತದೆ. ನೀಲಿಯಾದ ಜಾಗದ ಹದ ಹೋಯಿತು, ಅದು ಇನ್ನೆಂದೂ ಬಾಯಿ ಹಿಡಿಯದು. ಹೊಳಪು ಕೊಡುವ ಬಟ್ಟೆಚಕ್ರವೂ ಅಪಾಯಕಾರಿ. ಅಲಗು ಅದಕ್ಕೆ ಸಿಕ್ಕಿಕೊಂಡರೆ ಬಾಣದ ಹಾಗೆ ಹಾರಿ ಬರುತ್ತದೆ. ಇದು ಕೈಯ ಕೆಲಸ.

ತುಕ್ಕು

ಕೆಂಪು ತುಕ್ಕು ಜೀವಂತ ತುಕ್ಕು, ಅದು ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ಮಗ್ಗುಲಿನ ಬೂದು ಅಥವಾ ಕಪ್ಪು ಕಲೆ ಕಾಲ ಕಟ್ಟಿದ ಪದರ, ಅದರಿಂದ ಕೇಡಿಲ್ಲ. ಕೆಂಪನ್ನು ತೆಗೆಯಿರಿ, ಕಪ್ಪನ್ನು ಬಿಡಿ.

ಮೊದಲು ಅಲಗಿಗೆ ಸೀಮೆಎಣ್ಣೆಯನ್ನೋ ತುಕ್ಕು ಸಡಿಲಿಸುವ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅತಿ ನಯವಾದ ಉಕ್ಕಿನ ಉಣ್ಣೆಯಿಂದ, ಎಣ್ಣೆ ಇರುವಾಗಲೇ ಒರೆಸಿದರೆ ಅರ್ಧ ತುಕ್ಕು ಬಂದುಬಿಡುತ್ತದೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆಹಣ್ಣು ಇಲ್ಲಿ ಬೇಡವೇ ಬೇಡ. ವಿನೆಗರೂ ಬೇಡ. ಹುಳಿ ತುಕ್ಕನ್ನು ಕರಗಿಸುತ್ತದೆ ನಿಜ, ಅದರ ಜೊತೆಗೆ ಒಳ್ಳೆಯ ಉಕ್ಕನ್ನೂ ಕೊರೆದು ಮಂಕು ಬೂದಿಬಣ್ಣ ಮಾಡಿ ಬಿಡುತ್ತದೆ.

ಉಳಿದ ತುಕ್ಕಿಗೆ ವಾಟರ್ ಪೇಪರ್. ಮರಗೆಲಸದ ಉಪ್ಪುಕಾಗದವಲ್ಲ, ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಕಪ್ಪು ಕಾಗದ. ಪೇಂಟ್ ಅಂಗಡಿಗಳಲ್ಲಿ ನಂಬರ್ ಹೇಳಿದರೆ ಕೊಡುತ್ತಾರೆ. 600ರಿಂದ ಶುರು ಮಾಡಿ. ಅಲಗನ್ನು ಮರದ ತುಂಡಿನ ಮೇಲೆ ಮಲಗಿಸಿ ಬೆನ್ನಿನ ಕಡೆ ಗಟ್ಟಿಯಾಗಿ ಹಿಡಿದು, ಕಾಗದವನ್ನು ಬೆಂಡಿನ ಚೂರಿಗೆ ಸುತ್ತಿ, ಬಾಲದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಗೀರುಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಮುಂದಿನ 1000, 1500, 2000 ನಂಬರಿನ ಕಾಗದಗಳಿಗೆ ಅವನ್ನು ಅಳಿಸುವುದು ಸುಲಭ. ಒಂದು ನಂಬರಿನ ಗೀರು ಪೂರ್ತಿ ಹೋಗುವ ಮೊದಲು ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಲೋಹ ಬೆಳಗುವ ಬ್ರಾಸೊದಂಥ ಮುಲಾಮು ಸಾಕು. ಅಲಗಿನ ಮೇಲೆ ಚಿನ್ನದ ನೀರಿನ ಬರಹವಿದ್ದರೆ ಆ ಜಾಗಕ್ಕೆ ಮಾತ್ರ ಏನನ್ನೂ ತಾಗಿಸಬೇಡಿ. ಚಿನ್ನದ ಪದರ ಉಸಿರಿನಷ್ಟು ತೆಳು, ಎರಡು ಉಜ್ಜಿಗೆ ಹೋಗುತ್ತದೆ.

ಇಲ್ಲಿ ನಿಲ್ಲಿಸಲು ಕಲಿಯಬೇಕು. ನನ್ನ ಕತ್ತಿಯ ಬಲ ಮಗ್ಗುಲಲ್ಲಿ, ಬೆನ್ನಿನ ಹತ್ತಿರ, ಸಾಸಿವೆಯಷ್ಟು ಎರಡು ಗುಳಿಗಳು ಉಳಿದವು. ಅವನ್ನು ಸಮ ಮಾಡಲು ಸುತ್ತಲಿನ ಉಕ್ಕನ್ನೆಲ್ಲ ಅಷ್ಟೇ ಆಳಕ್ಕೆ ಇಳಿಸಬೇಕಿತ್ತು. ಹಾಗೆ ಮಾಡಿದ್ದರೆ ಮುದ್ರೆಯೂ ಮಾಸುತ್ತಿತ್ತು, ಟೊಳ್ಳು ಕಡೆದ ಮಗ್ಗುಲಿನ ಆಕಾರವೂ ಕೆಡುತ್ತಿತ್ತು. ಗುಳಿಯೊಳಗಿನ ಕೆಂಪನ್ನು ಮರದ ಹಲ್ಲುಕಡ್ಡಿಗೆ ಮುಲಾಮು ಹಚ್ಚಿ ಕೆದಕಿ ತೆಗೆದೆ, ಅಷ್ಟೇ. ಕನ್ನಡಿಯಂತೆ ಹೊಳೆಯುವ ಹಳೆಯ ಕತ್ತಿಗಳನ್ನು ಕಂಡಾಗ ನನಗೆ ಈಗ ಮೊದಲು ಬರುವುದು ಎಷ್ಟು ಉಕ್ಕು ಕಳೆದಿರಬಹುದೆಂಬ ಲೆಕ್ಕ.

ಹಿಡಿ ಬಿಗಿಯಾಗಿದ್ದು, ಅಲಗು ಮಡಿಸಿದಾಗ ನಡುವೆ ಕೂರುತ್ತಿದ್ದರೆ ಅದನ್ನು ಬಿಚ್ಚಬೇಡಿ. ಕೀಲಿನ ಸಂದಿಗೆ ಮುಲಾಮು ಸವರಿದ ಬಟ್ಟೆಯ ಕಿರುಪಟ್ಟಿ ತೂರಿಸಿ ಎಳೆದಾಡಿದರೆ ಅಲ್ಲಿನ ತುಕ್ಕು ಬರುತ್ತದೆ. ಬಿಚ್ಚಲೇಬೇಕಾದರೆ ರಿವೆಟ್ಟಿನ ಒಂದು ತಲೆಯನ್ನು ಅರದಿಂದ ಸವೆಸಿ, ಸಣ್ಣ ಪಂಚಿನಿಂದ ತಟ್ಟಿ ಹೊರತೆಗೆಯಬೇಕು. ಮತ್ತೆ ಕೂರಿಸಲು 1.6 ಮಿಲಿಮೀಟರ್ ಹಿತ್ತಾಳೆ ಕಡ್ಡಿ ಬೇಕು. ವಾಷರಿನ ಮೇಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಬಿಟ್ಟು ಕತ್ತರಿಸಿ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಕ್ಕಸಾಲಿಗರ ಹಾಗೆ ಮೆತ್ತಗೆ, ಸುತ್ತಲೂ ತಟ್ಟುತ್ತ ತಲೆ ಕಟ್ಟಬೇಕು. ಒಂದು ಜೋರು ಪೆಟ್ಟು ಬಿದ್ದರೆ ಕೊಂಬು ಸೀಳುತ್ತದೆ. ಒಣಗಿದ ಕೊಂಬಿಗೆ ಎಣ್ಣೆ ಹಚ್ಚಿ ಕೆಲವು ದಿನ ಇಟ್ಟರೆ ಬಿಳಿಚು ಹೋಗಿ ಒಳಗಿನ ಗೆರೆಗಳು ಮತ್ತೆ ಕಾಣುತ್ತವೆ.

ಕಲ್ಲು, ಕೋನ, ಲೆಕ್ಕ

ಇನ್ನು ನಿಜವಾದ ಕೆಲಸ. ನನ್ನ ಕತ್ತಿಯ ಬೆನ್ನು 5 ಮಿಲಿಮೀಟರ್ ದಪ್ಪ, ಬೆನ್ನಿನಿಂದ ಬಾಯಿಗೆ ಮೊದಲು 17.5 ಮಿಲಿಮೀಟರ್ ಅಗಲ ಇತ್ತು. ಅಂದರೆ ಬಾಯಿಯ ಕೋನ ಸುಮಾರು 16.4 ಡಿಗ್ರಿ. ಮುಕ್ಕು ತೆಗೆಯಲು ಒಂದೂವರೆ ಮಿಲಿಮೀಟರ್ ಹೋದ ಮೇಲೆ ಅಗಲ 16ಕ್ಕೆ ಇಳಿದು, ಕೋನ 18 ಡಿಗ್ರಿಗೆ ಏರಿತು. ಗಡ್ಡಕ್ಕೆ 16ರಿಂದ 18 ಡಿಗ್ರಿ ಹಿತ. ಅದಕ್ಕಿಂತ ಹೆಚ್ಚಾದಂತೆ ಕತ್ತಿ ಕುಯ್ಯುವ ಬದಲು ಎಳೆಯತೊಡಗುತ್ತದೆ. ಕೊಳ್ಳುವಾಗಲೇ ಮುಕ್ಕಿನ ಆಳ ತಿಳಿದರೆ ಈ ಲೆಕ್ಕವನ್ನು ಮೊದಲೇ ಹಾಕಿಬಿಡಬಹುದು. ಎರಡು ಮಿಲಿಮೀಟರಿಗಿಂತ ಆಳದ ಮುಕ್ಕಿರುವ ಕತ್ತಿಯನ್ನು ನಾನು ಈಗ ಕೊಳ್ಳುವುದಿಲ್ಲ.

ಬೆನ್ನು ಸವೆಯದಿರಲಿ ಎಂದು ಅದರ ಮೇಲೆ ವಿದ್ಯುತ್ ಕೆಲಸದ ಇನ್ಸುಲೇಷನ್ ಟೇಪ್ ಒಂದು ಪದರ ಅಂಟಿಸುವ ರೂಢಿ ಇದೆ. ಒರಟು ಕಲ್ಲಿನ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಒಂದು ಪದರ ಕೋನವನ್ನು ಸುಮಾರು ಒಂದು ಡಿಗ್ರಿ ಏರಿಸುತ್ತದೆ. ನನ್ನದು ಆಗಲೇ 18 ಮುಟ್ಟಿದ್ದರಿಂದ 400ರ ಕಲ್ಲಿನ ನಂತರ ಟೇಪ್ ಕಿತ್ತು ಹಾಕಿದೆ.

ಕಲ್ಲು ಮೊದಲು ತಾನು ಸಮತಟ್ಟಾಗಿರಬೇಕು. ಅದರ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಅಂಟಿಸಿದ ವಾಟರ್ ಪೇಪರಿಗೆ ನೀರು ಹಾಕಿ ಉಜ್ಜಿ. ಗೆರೆಗಳೆಲ್ಲ ಒಟ್ಟಿಗೆ ಅಳಿದರೆ ಸಮ. ನಡುವಿನ ಗೆರೆ ಉಳಿದರೆ ಅಲ್ಲಿ ತಗ್ಗಿದೆ.

1000 ನಂಬರಿನ ಕಲ್ಲೇ ಇಡೀ ಕೆಲಸದ ಅಡಿಪಾಯ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ, ಬಾಯಿ ಮುಂದಾಗಿ ತಳ್ಳಿ, ಕಲ್ಲಿನ ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ಇನ್ನೊಂದು ಮಗ್ಗುಲಿನಿಂದ ವಾಪಸ್ ಬನ್ನಿ. ಬಾಯಿಯ ಮೇಲೆ ಎಂದೂ ಹೊರಳಿಸಬೇಡಿ. ತಳ್ಳುವಾಗ ಬಾಲದ ಭಾಗದಿಂದ ಶುರುವಾಗಿ ತುದಿಯಲ್ಲಿ ಮುಗಿಯುವಂತೆ ಸ್ವಲ್ಪ ಓರೆಗೆ ಎಳೆದರೆ ಬಾಯಿಯ ಉದ್ದಕ್ಕೂ ಕಲ್ಲು ಸಮನಾಗಿ ತಾಗುತ್ತದೆ. ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ತಿಳಿಯಲು ಬಾಯಿಯ ಅಂಚಿಗೆ ಅಳಿಸದ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ನಾಲ್ಕು ಸಲ ಎಳೆದು ನೋಡಿ. ಮಸಿ ಉಳಿದ ಜಾಗ ಇನ್ನೂ ಕಲ್ಲು ಮುಟ್ಟಿಲ್ಲ. ನನ್ನ ಕತ್ತಿಗೆ ಈ ಒಂದು ಹಂತವೇ ಎರಡು ಸಂಜೆ ಹಿಡಿಯಿತು. ತುದಿಯ ಅರ್ಧ ಅಂಗುಲ ಮಸಿ ಬಿಟ್ಟುಕೊಡಲೇ ಇಲ್ಲ. ಒತ್ತಿದರೆ ಬೇಗ ಆಗುತ್ತದೆ ಎನ್ನಿಸುತ್ತದೆ, ಒತ್ತಬಾರದು. ತೆಳು ಅಲಗು ಬಾಗಿ ಬೇರೆಯೇ ಜಾಗ ಸವೆಯುತ್ತದೆ. ದೀಪದ ಕೆಳಗೆ ಬಾಯಿಯನ್ನು ಮೇಲಾಗಿ ಹಿಡಿದಾಗ ಎಲ್ಲಿಯೂ ಬೆಳಕಿನ ಮಿಣುಕು ಕಾಣಬಾರದು. ಮಿಣುಕಿದ ಕಡೆ ಎರಡು ಮಗ್ಗುಲು ಇನ್ನೂ ಕೂಡಿಲ್ಲ. ಮುಂಗೈ ಕೂದಲು ಚರ್ಮದ ಮಟ್ಟದಲ್ಲಿ ಉದ್ದಕ್ಕೂ ಒಂದೇ ಸಮ ಹೋದರೆ ಅಡಿಪಾಯ ಸಿದ್ಧ.

ಅದಾದ ಮೇಲೆ 4000, 8000, ಸಾಧ್ಯವಾದರೆ 12000. ಇಲ್ಲಿ ಕೈಯ ಭಾರ ಕಡಿಮೆಯಾಗುತ್ತ ಹೋಗಿ ಕೊನೆಗೆ ಕತ್ತಿಯ ಭಾರವಷ್ಟೇ ಉಳಿಯಬೇಕು. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕೋಟಿಕ್ಯೂಲ್ ಕಲ್ಲು, ಜರ್ಮನಿಯ ಥುರಿಂಜಿಯದ ಕಲ್ಲು ಹೆಸರುವಾಸಿ, ದುಬಾರಿ ಕೂಡ. ಕೃತಕ ಕಲ್ಲುಗಳಲ್ಲೇ ಕಲಿಯಿರಿ.

ಕೊನೆಯದು ತೊಗಲು ಪಟ್ಟಿ. ಕಲ್ಲಿನ ಮೇಲೆ ಬಾಯಿ ಮುಂದೆ, ತೊಗಲಿನ ಮೇಲೆ ಬೆನ್ನು ಮುಂದೆ. ಇದು ತಪ್ಪಿದರೆ ತೊಗಲು ಸೀಳುತ್ತದೆ, ಬಾಯಿ ಮಡಚುತ್ತದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ಬಟ್ಟೆಯ ಪಟ್ಟಿಯ ಮೇಲೆ ಇಪ್ಪತ್ತು ಸಲ, ತೊಗಲಿನ ಮೇಲೆ ಐವತ್ತು ಸಲ ಮೆಲ್ಲಗೆ ಆಡಿಸಿ. ನಮ್ಮ ಹಳೆಯ ಕ್ಷೌರಿಕರು ಪಟ್ಟಿ ಇಲ್ಲದಾಗ ಅಂಗೈ ಮೇಲೆಯೇ ಆಡಿಸುತ್ತಿದ್ದರು. ಆ ಹಿರಿಯರ ಅಂಗೈ ಹಿಡಿದು ನೋಡಿದ್ದೇನೆ, ಹೆಬ್ಬೆರಳಿನ ಬುಡ ತೊಗಲಿನಷ್ಟೇ ನುಣುಪು. ಈಗ ಅವರ ಅಂಗಡಿಯಲ್ಲೂ ಅರ್ಧ ಬ್ಲೇಡ್ ಸಿಕ್ಕಿಸಿ ಎಸೆಯುವ ಹಿಡಿಯೇ ಇರುವುದು. ಆರೋಗ್ಯಕ್ಕೆ ಅದೇ ಸರಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಬಲ್ಲದು. ಆದ್ದರಿಂದ ನೀವು ತಂದ ಹಳೆಯ ಕತ್ತಿ ಇನ್ನು ನಿಮ್ಮೊಬ್ಬರದೇ ಆಗಿರಲಿ. ಮೊದಲ ಸಲ ಬಳಸುವ ಮುನ್ನ ಅಲಗನ್ನು ಸೋಪಿನಿಂದ ತೊಳೆದು, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹತ್ತು ನಿಮಿಷ ಒದ್ದೆಯಾಗಿಡಿ. ಸೆಲ್ಯುಲಾಯ್ಡ್ ಹಿಡಿಗೆ ಅದು ತಾಗದಿರಲಿ. ಬ್ಲೀಚ್ ಮಾತ್ರ ಬೇಡ, ಅದು ಹೊಸ ಗುಳಿ ತೋಡುತ್ತದೆ.

ಮೊದಲ ದಿನ ಕೆನ್ನೆಗಳು ಮಾತ್ರ. ಬಿಸಿನೀರು, ಸೋಪಿನ ದಟ್ಟ ನೊರೆ, ಚರ್ಮ ಬಿಗಿಯಾಗಿ ಎಳೆದು ಹಿಡಿದ ಇನ್ನೊಂದು ಕೈ, ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಅಲಗು. ಗಲ್ಲ, ಮೇಲ್ದುಟಿ ಮುಂದಿನ ವಾರಕ್ಕಿರಲಿ. ಕತ್ತಿ ಕೂದಲನ್ನು ಎಳೆಯುತ್ತಿದ್ದರೆ ಬಲ ಹಾಕದೆ ಮತ್ತೆ 8000ರ ಕಲ್ಲಿಗೆ ಹೋಗಿ.

ಬಳಸಿದ ಮೇಲೆ ಒರೆಸಿ, ತೊಗಲಿನ ಮೇಲೆ ಹತ್ತು ಸಲ ಆಡಿಸಿ ತೇವ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಅಲಗಿಗೆ ಸವರಿ. ಕೊಬ್ಬರಿ ಎಣ್ಣೆ ಕಾಲಾಂತರದಲ್ಲಿ ಅಂಟುಗಟ್ಟುತ್ತದೆ. ಬಚ್ಚಲುಮನೆಯಲ್ಲೂ ತೊಗಲಿನ ಚೀಲದಲ್ಲೂ ಇಡಬೇಡಿ, ಎರಡೂ ತೇವ ಹಿಡಿಯುತ್ತವೆ. ಮಂಗಳೂರು, ಕಾರವಾರದ ಕಡೆಯವರಾದರೆ ಡಬ್ಬಿಯೊಳಗೆ ಸಿಲಿಕಾ ಜೆಲ್‌ನ ಪುಡಿಕೆ ಹಾಕಿಡಿ. ನನ್ನ ಕತ್ತಿ ಈಗ ಒಂದು ಮಳೆಗಾಲ ಕಳೆದಿದೆ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ಬಲ ಮಗ್ಗುಲಿನ ಆ ಎರಡು ಸಾಸಿವೆ ಗುಳಿಗಳನ್ನು ನೋಡುತ್ತೇನೆ. ಕಪ್ಪಾಗಿಯೇ ಇವೆ, ಕೆಂಪಾಗಿಲ್ಲ.